ಮಾವನ ಮೈಕು, ಅತ್ತೆಯ ಮಿಕ್ಸಿ

ನಮ್ಮ ಮಾವ ಬಾಯಾರಿದರೆ ನೀರು ಕೇಳುವುದಿಲ್ಲ. ಪ್ಯಾರಾ ಹೇಳುತ್ತಾರೆ.

"ಈ ವರ್ಷದ ಸೆಕೆ ಹೋದ ವರ್ಷದಂತಲ್ಲ" ಎಂದು ಶುರುವಾಗುತ್ತದೆ. ಆಮೇಲೆ ಬೆಳಿಗ್ಗೆಯಿಂದ ತಿರುಗಿದ ಊರುಗಳು ಬರುತ್ತವೆ. ಗಂಟಲಿನ ಸ್ಥಿತಿ ಬರುತ್ತದೆ. ಗಂಟಲಿಗೂ ಒಣಗಿದ ಬಾವಿಗೂ ಒಂದು ಹೋಲಿಕೆ ಬರುತ್ತದೆ. ಕಡೆಗೆ "ಆದ್ದರಿಂದ" ಎಂಬ ಒಂದು ವಾಕ್ಯ, ಅದರ ತುದಿಯಲ್ಲಿ ನೀರು. ಅಷ್ಟರಲ್ಲಿ ಅತ್ತೆ ಚೊಂಬು ತಂದಿಟ್ಟು, ಒಳಗೆ ಹೋಗಿ ನಾಲ್ಕು ಬಂಗುಡೆ ಮೀನು ಹೆಚ್ಚಿ ಮುಗಿಸಿರುತ್ತಾರೆ.

"ಸೆಕೆ ಅಂಬಷ್ಟೊತ್ತಿಗೇ ಗೊತ್ತಾತ್ ನಂಗೆ, ನೀರೇ ಅಂದೇಳಿ" ಎನ್ನುತ್ತಾರೆ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಸುವಿನ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ "ಹಸು ಹಾಲು ಕೊಡುತ್ತದೆ" ಎಂದು ಬರೆದು ಪೇಪರ್ ಕೊಟ್ಟು ಬರುತ್ತಿದ್ದೆ. ಇನ್ನೇನು ಬರೆಯುವುದು? ಇಂಥವನ ಆಟೋ ರಿಕ್ಷಾದ ಹಿಂದಿನ ಸೀಟಿನಲ್ಲಿ ದೇವರು ಈ ಮಾವನನ್ನು ಕೂರಿಸಿದ್ದಾನೆ.

ನಮ್ಮದು ಮೈಕಿನ ಪ್ರಚಾರದ ಕೆಲಸ. ಯಕ್ಷಗಾನ, ಕಣ್ಣಿನ ಕ್ಯಾಂಪು, ಹಾಸಿಗೆ ಅಂಗಡಿಯ ಸೇಲು, ಏನಿದ್ದರೂ ಸರಿ. ಆಟೋದ ತಲೆ ಮೇಲೆ ಎರಡು ಹಾರ್ನು ಕಟ್ಟಿ ಕೋಟದಿಂದ ಬೈಂದೂರಿನವರೆಗೆ ತಿರುಗುತ್ತೇವೆ. ನಾನು ಓಡಿಸುತ್ತೇನೆ, ಮಾವ ಬರೆದುಕೊಂಡು ಓದುತ್ತಾರೆ. ಮೊದಲು ಅವರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂತು, ಬ್ರಷ್ ಬಿಟ್ಟು ಮೈಕು ಹಿಡಿದರು. ಬೋರ್ಡಿಗಾದರೆ ಅಂಚಿತ್ತು. ಮೈಕಿಗೆ ಅಂಚಿಲ್ಲ, ಅದೇ ತೊಂದರೆ. ಈಗ ಎಲ್ಲರೂ ರೆಕಾರ್ಡ್ ಮಾಡಿ ಹಾಕುತ್ತಾರೆ. ಮಾವ ಒಪ್ಪುವುದಿಲ್ಲ. ರೆಕಾರ್ಡಿಗೆ ಮನೆ ಕಾಣುವುದಿಲ್ಲವಂತೆ.

ಅತ್ತೆಯದು ಕೋಟದ ಹತ್ತಿರ, ಹೈವೇ ಬದಿಯಲ್ಲಿ ಮೀನೂಟದ ಸಣ್ಣ ಹೋಟೆಲು. ರಸ್ತೆ ಅಗಲವಾಗಿ ನಡುವೆ ಡಿವೈಡರ್ ಬಂದದ್ದೇ ಬಂದದ್ದು, ಆಚೆ ಬದಿಯ ಗಾಡಿಗಳು ಊಟದ ವಾಸನೆ ಕುಡಿದುಕೊಂಡು ಮುಂದೆ ಹೋಗತೊಡಗಿದವು. ಅತ್ತೆ ಸಾರು ಇಳಿಸಿ ಬಾಗಿಲಲ್ಲಿ ನಿಲ್ಲುತ್ತಾರೆ. ಮಧ್ಯಾಹ್ನ ದಾಟಿದ ಮೇಲೆ ಆ ಸಾರನ್ನು ನಾವೇ ಉಣ್ಣುತ್ತೇವೆ. ಮಳೆಗಾಲದೊಳಗೆ ಸರಿಯಾಗದಿದ್ದರೆ ಬೀಗ ಹಾಕಿ ಗೇರುಬೀಜದ ಫ್ಯಾಕ್ಟರಿಗೆ ಹೋಗುವುದೆಂದು ಅವರು ಹೇಳಿಯಾಗಿತ್ತು.

ಊರೂರು ತಿರುಗಿ ಜನ ಕರೆಯುವ ಮಾವ ಹೆಂಡತಿಯ ಹೋಟೆಲಿಗೆ ಒಬ್ಬನನ್ನೂ ಕರೆದಿರಲಿಲ್ಲ. ನಾನು ಕೇಳಿ ಕೇಳಿ ಸಾಕಾದೆ.

"ಬರಿತೆ ಮಾಣಿ. ಮೊದಲ್ನೇ ವಾಕ್ಯ ಸಿಕ್ಲಿಲ್ಲೆ ಇನ್ನೂ."

ಹಾಸಿಗೆ ಅಂಗಡಿಗೆ ಸಿಕ್ಕಿತ್ತು. "ನಿದ್ದೆ ಎಂಬುದು ದೇವರು ಮಡಚಿಟ್ಟ ಕಂಬಳಿ" ಎಂದು. ಬೈಂದೂರಿನಲ್ಲಿ ಇಡೀ ದಿನ ಅದನ್ನೇ ಕೇಳಿ ನನಗೆ ಹ್ಯಾಂಡಲ್ ಮೇಲೆ ತೂಕಡಿಕೆ ಬಂತು.

ಮಾವನ ಕಾನೂನಿನಲ್ಲಿ ಒಂದು ಪ್ಯಾರಾ ಎಂದರೆ ಒಂದು ಮನೆ. ಒಂದು ಬೇಲಿಯಿಂದ ಇನ್ನೊಂದು ಬೇಲಿ ಮುಟ್ಟುವುದರೊಳಗೆ ಅದು ಹುಟ್ಟಿ, ಬೆಳೆದು, ಮುಗಿಯಬೇಕು.

"ಕಾಣ್, ಮೊದಲ್ನೇ ವಾಕ್ಯ ಅವ್ರನ್ನ ಒಳ್ಗಿಂದ ಜಗ್ಲಿಗೆ ತರ್ಕ್. ನಡೂಗಿಂದ್ ಅಂಗಳಕ್ಕೆ ಇಳಿಸ್ಕ್. ಕಡೇದ್, ನಾವ್ ಹೋದ್ ಮೇಲೆ ಅವ್ರ ಒಟ್ಟಿಗೆ ವಾಪಾಸ್ ಮನಿ ಒಳ್ಗ್ ಹೋಯ್ಕ್."

"ಅಷ್ಟೊತ್ತಿಗೆ ಹಿಂದಿನ್ ಬಸ್ಸಿನವ ನನ್ನ ಕೊಲ್ತ."

"ಬಸ್ಸಿನವನಿಗೆ ಪ್ಯಾರಾ ಇಲ್ಲೆ. ಅವಂದ್ ಬರೀ ಹಾರ್ನ್."

ಇದೆಲ್ಲ ಅಲಂಕಾರದ ಮಾತು ಎಂದುಕೊಂಡಿದ್ದೆ. ಒಂದು ದಿನ ಶಂಕರನಾರಾಯಣದ ಕಡೆ ಎರಡು ವಿಷಯ ಒಟ್ಟಿಗೆ ಹಿಡಿದುಕೊಂಡು ಹೋಗಿದ್ದೆವು. ಭಾನುವಾರ ಬೆಳಿಗ್ಗೆ ಶಾಲೆಯಲ್ಲಿ ಕಣ್ಣಿನ ಕ್ಯಾಂಪು, ಅದೇ ರಾತ್ರಿ ಅಲ್ಲೇ ಯಕ್ಷಗಾನ. ಮಾವ ಒಂದಾದ ಮೇಲೊಂದು ಓದುತ್ತಿದ್ದರು. ಹಿಂದೆ ಬಸ್ಸು ಬಂತು, ನಾನು ಜೋರು ಬಿಟ್ಟೆ. ಗುಡ್ಡದ ತಿರುವಿನಲ್ಲಿ ಸದ್ದು ಸತ್ತು ಮೇಲಿನ ರಸ್ತೆಯಲ್ಲಿ ಮತ್ತೆ ಎದ್ದಿತು. ಅಲ್ಲಿಯ ಮನೆಗಳಿಗೆ ಕ್ಯಾಂಪಿನ ತಲೆ, ಯಕ್ಷಗಾನದ ಬಾಲ ಮಾತ್ರ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಇಬ್ಬರು ಅಜ್ಜಿಯಂದಿರು ಚಾಪೆ, ಎಲೆ ಅಡಿಕೆ, ಫ್ಲಾಸ್ಕಿನಲ್ಲಿ ಚಾ ಹಿಡಿದುಕೊಂಡು ಕಣ್ಣಿನ ಡಾಕ್ಟರ ಎದುರಿಗೆ ಬಂದು ಕಾಲು ಚಾಚಿ ಕುಳಿತರು. "ವೇಷ ಇನ್ನೂ ಹೊರ್ಡ್ಲಿಲ್ಯಾ?" ಎಂದು ಕೇಳಿದರು. ಬಂದವರನ್ನು ಬಿಡುವುದೇಕೆಂದು ಡಾಕ್ಟರು ಇಬ್ಬರ ಕಣ್ಣೂ ನೋಡಿದರು. ಒಬ್ಬರಿಗೆ ಪೊರೆ ಇತ್ತು. ಆಪರೇಷನ್ ಆಯಿತು, ಕಣ್ಣು ಬಂತು. ಈಗಲೂ ಅವರು ನಮ್ಮ ಆಟೋ ದೂರದಿಂದಲೇ ಗುರುತು ಹಿಡಿದು ನಿಲ್ಲಿಸಿ ಬೈಯುತ್ತಾರೆ, ವೇಷ ಎಲ್ಲಿ ಎಂದು.

ಅಂದಿನಿಂದ ಮಾವ ಒಂದು ಕೈಯಲ್ಲಿ ಮೈಕು, ಇನ್ನೊಂದನ್ನು ನನ್ನ ಭುಜದ ಮೇಲಿಟ್ಟು ಕೂರುತ್ತಾರೆ. ಒತ್ತಿ ಹಿಡಿದರೆ ಪ್ಯಾರಾ ನಡೆಯುತ್ತಿದೆ, ನಿಧಾನ ಹೋಗಬೇಕು. ತಟ್ಟಿದರೆ ಮುಗಿಯಿತು, ಹೋಗಬಹುದು. ಎತ್ತಿನ ಬೆನ್ನು ತಟ್ಟುವ ಹಾಗೆಯೇ. ಬೇಜಾರಿಲ್ಲ, ಅಭ್ಯಾಸವಾಗಿದೆ.

ಇನ್ನು ಅವರ ಪ್ರಶ್ನೆಗಳು. ಉತ್ತರ ಬೇಡದ ಪ್ರಶ್ನೆ ಕೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕೋಟದ ಒಳರಸ್ತೆಯಲ್ಲಿ ಒಂದು ಮನೆಯ ಮುಂದೆ "ಮಹಾಜನರೇ, ನೀವಿನ್ನೂ ಮನೆಯಲ್ಲೇ ಕುಳಿತಿದ್ದೀರಾ?" ಎಂದು ಕೂಗಿದರು.

ಜಗಲಿಯಿಂದ ಉತ್ತರ ಬಂತು. "ಹೌದ್ ಮಾರಾಯಾ, ಕೂಕಂಡಿದ್ದೆ. ಕಾಲ್ ಮುರ್ದಿತ್. ನೀ ಬಂದ್ ಎತ್ತಕಂಡ್ ಹೋತ್ಯಾ?"

ನೋಡಿದರೆ ತೊಡೆಯವರೆಗೆ ಪ್ಲಾಸ್ಟರ್. ಮಾವ ಮೈಕು ಆಫ್ ಮಾಡಿ, ಇಳಿದು ಹೋಗಿ, ಕಾಲಿನ ಕಥೆ ಪೂರ್ತಿ ಕೇಳಿ, ಚಾ ಕುಡಿದು ಬಂದರು.

"ಅಂಗಳ ಕಾಣ್ದೆ ಪ್ರಶ್ನೆ ಕೇಂಬುಕಾಗ" ಎಂದರು. ನನಗಂದದ್ದಲ್ಲ, ಅವರಿಗವರೇ ಅಂದುಕೊಂಡದ್ದು.

ನನಗೆ ಎಲ್ಲಕ್ಕಿಂತ ತಲೆಬಿಸಿಯಾಗುತ್ತಿದ್ದದ್ದು ಹೇಳಿದ್ದನ್ನೇ ಹೇಳುವುದು. ಬನ್ನಿ, ಬನ್ನಿ, ಬನ್ನಿ. ಇಂದೇ, ಇಂದೇ, ಇಂದೇ. ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಉಣ್ಣುತ್ತಾ ಕೇಳಿಯೇಬಿಟ್ಟೆ. ಜನರೇನು ಕಿವುಡರಾ?

"ಕಿವ್ಡ್ ಅಲ್ಲ ಮಾಣಿ. ನಾವ್ ಹೋಪು ಹೊತ್ತಿಗೆ ಎಲ್ಲಾ ಮನಿಯಗೂ ಮಸಾಲಿ ಕಡೂದ್. ಮೊದಲ್ನೇ ಸಲ ಮಿಕ್ಸಿ ತಿರಗ್ತಾ ಇರತ್. ಎರಡನೇ ಸಲ, ಎಂತ ಅದ್, ಅಂದೇಳಿ ಮಿಕ್ಸಿ ನಿಲ್ಸ್ತ್ರ್. ಮೂರನೇದ್ ಮಾತ್ರ ಕೇಂತ್. ಮೊದ್ಲಿನ್ ಎರಡ್ ಬರೀ ಮಿಕ್ಸಿ ನಿಲ್ಸುಕೆ."

ಅತ್ತೆ ಸಾರು ಬಡಿಸುತ್ತಾ ನನ್ನ ಕಡೆ ತಿರುಗಿದರು. "ಊರಿಗೆಲ್ಲ ಮೂರ್ ಮೂರ್ ಸಲ. ಉಂಡದ್ ಹ್ಯಾಂಗಿತ್ ಅಂದ್ ನಂಗ್ ಒಂದ್ ಸಲ ಹೇಳುಕೆ ಇವ್ರಿಗ್ ಬ್ಯಾಟ್ರಿ ಇಲ್ಲೆ."

ಮಾವ ತಲೆಯೆತ್ತದೆ ಮುಳ್ಳು ಬಿಡಿಸಿದರು.

ಮೇ ತಿಂಗಳ ಕಡೆಯ ವಾರ. ಒಂದು ಬೆಳಿಗ್ಗೆ ಅತ್ತೆ ಒಲೆ ಹೊತ್ತಿಸುತ್ತಾ, ಸೋಮವಾರದಿಂದ ಬಾ ಎಂದು ಫ್ಯಾಕ್ಟರಿಯವರು ಹೇಳಿದ್ದಾರೆ ಎಂದರು. ಹೋಟೆಲಿನ ದೊಡ್ಡ ಪಾತ್ರೆಗಳನ್ನು ಯಾರಿಗಾದರೂ ಕೊಡಬೇಕು, ನೋಡು ಎಂದು ನನಗೆ ಹೇಳಿದರು. ಮಾವನಿಂದ ಪ್ಯಾರಾ ಇಲ್ಲ, ಹೋಲಿಕೆ ಇಲ್ಲ. ಎದ್ದು ಬಂದು ಆಟೋದಲ್ಲಿ ಕುಳಿತರು.

"ಇವತ್ತ್ ಯಾರದ್ದ್ ಮಾವ?"

"ಓಡ್ಸ್."

ಕೈಯಲ್ಲಿ ಕಾಗದ ಇರಲಿಲ್ಲ. ಒಳರಸ್ತೆಗೆ ಬಂದದ್ದೇ ನನ್ನ ಭುಜ ಒತ್ತಿದರು. ಮಹಾಜನರೇ ಎಂದೂ ಕರೆಯಲಿಲ್ಲ. ಮನೆಯಲ್ಲಿ ಮಾತಾಡುವ ಸ್ವರದಲ್ಲೇ ಶುರು ಮಾಡಿದರು.

"ಹೈವೇ ಬದಿಯಲ್ಲಿ, ಹಳೆ ಅರಳಿ ಮರದ ಹತ್ತಿರ, ನನ್ನ ಹೆಂಡತಿ ಹೋಟೆಲು ನಡೆಸುತ್ತಾಳೆ. ಮದುವೆಯಾದ ದಿನದಿಂದ ನಾನು ಅವಳ ಕೈಯಡುಗೆ ಉಣ್ಣುತ್ತಿದ್ದೇನೆ. ಲಾಯ್ಕಾಗಿದೆ ಎಂದು ಒಂದು ದಿನವೂ ಅವಳಿಗೆ ಹೇಳಿಲ್ಲ. ಲಾಯ್ಕಾಗಿತ್ತು."

ಅಷ್ಟೇ. ಮುಂದಿನ ಬೇಲಿಗೂ ಅಷ್ಟೇ, ಅದರ ಮುಂದಿನದಕ್ಕೂ ಅಷ್ಟೇ.

ನನಗೆ ಹೆದರಿಕೆಯಾಯಿತು. ಇಷ್ಟು ಬೋಳು ಮಾತಿಗೆ ಯಾರು ಬರುತ್ತಾರೆ? ಜೀವಮಾನದಲ್ಲಿ ಮೊದಲ ಸಲ ನಾನೇ ಬಾಯಿಬಿಟ್ಟು ಅಲಂಕಾರ ಕೇಳಿದೆ. "ಮಾವ, ಬಂಗುಡಿಗೆ ಒಂದ್ ಹೋಲಿಕೆ ಆದ್ರೂ ಹಾಕಿ. ಒಂದ್ ಪ್ರಶ್ನೆ ಕೇಣಿ. ಬನ್ನಿ ಬನ್ನಿ ಅನ್ನಿ."

"ಬ್ಯಾಡ. ಅದೆಲ್ಲ ಬ್ಯಾರೆಯವ್ರದ್ದಕ್ಕೆ."

ಪ್ಯಾರಾ ಮುಗಿದಾಗೆಲ್ಲ ತಟ್ಟುವ ಕೈ ಅಂದು ತಟ್ಟಲಿಲ್ಲ. ಒತ್ತಿ ಹಿಡಿದೇ ಇತ್ತು. ಬಸ್ಸಿನವನು ಹಿಂದಿನಿಂದ ಹಾರ್ನು ಹಾಕಿದ, ನಾನು ದಾರಿ ಬಿಡಲಿಲ್ಲ. ಆಮೇಲೆ ಅವನೂ ಹಾರ್ನು ನಿಲ್ಲಿಸಿ ನಿಧಾನ ಬಂದ.

ಮಧ್ಯಾಹ್ನ ಹೋಟೆಲಿಗೆ ಬಂದರೆ ಹೊರಗೆ ಚಪ್ಪಲಿಗೆ ಜಾಗವಿಲ್ಲ. ಗುಂಪು ಕಂಡು ಆಚೆ ಬದಿ ಲಾರಿ ನಿಲ್ಲಿಸಿದವರೂ ಡಿವೈಡರ್ ಹತ್ತಿ ಇಳಿದು ಬರುತ್ತಿದ್ದರು. ಪ್ಲಾಸ್ಟರಿನವರು ಈಗ ಊರುಗೋಲಿನಲ್ಲಿ ಬಂದು, ಬಾಗಿಲಿನ ಬೆಂಚಿನಲ್ಲಿ ಕಾಲು ನೀಡಿ, ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದರು. ಮಾವನನ್ನು ಕಂಡು "ಕಾಣಾ, ಈಗ ಮನಿಯಗ್ ಇಲ್ಲೆ ನಾನ್" ಎಂದರು. ನಾನು ಕೈ ತೊಳೆದು ಬಡಿಸಲು ನಿಂತೆ.

ಜನ ಕರಗಿದಾಗ ಮೂರು ಗಂಟೆ ದಾಟಿತ್ತು. ಅತ್ತೆ ರಾತ್ರಿಗೆಂದು ಮತ್ತೆ ಮಸಾಲೆ ಕಡೆಯುತ್ತಿದ್ದರು. ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಒಳಗಿನ ಬೆಂಚಿನಲ್ಲಿ ತಟ್ಟೆ ಹಿಡಿದು ಕುಳಿತಿದ್ದೆ.

"ಸೋಮವಾರ ಬತ್ತಿಲ್ಲೆ ಅಂದೇಳಿ ಫ್ಯಾಕ್ಟ್ರಿಗೆ ಫೋನ್ ಮಾಡ್ಕ್" ಎಂದರು ಅತ್ತೆ, ಮಿಕ್ಸಿಯ ಸದ್ದಿನ ಮೇಲೆ ಸ್ವರ ಏರಿಸಿ. "ಅಲ್ಲ, ಇವ್ರೆಲ್ಲ ಎಂತಕೆ ಬಂದದ್ದ್ ಇವತ್ತ್? ನನ್ನ್ ಮುಖ ಕಂಡ್ ನೆಗ್ಯಾಡ್ತ್ರ್ ಬ್ಯಾರೆ."

"ಮೈಕಲ್ ಹೇಳ್ದೆ."

"ಎಂತ ಹೇಳ್ರಿ?"

ಊರಿಗೆಲ್ಲ ಕೇಳುವ ಮಾವನ ಸ್ವರ ಬಾಗಿಲು ದಾಟಲಿಲ್ಲ. ಏನೋ ಅಂದರು. ಮಿಕ್ಸಿ ತಿರುಗುತ್ತಿತ್ತು.

"ಕೇಂತಿಲ್ಲೆ, ಎಂತ?"

ಇನ್ನೊಮ್ಮೆ ಅಂದರು. ಅತ್ತೆ ಮಿಕ್ಸಿ ನಿಲ್ಲಿಸಿದರು.

ನಾನು ತಟ್ಟೆ ಹಿಡಿದುಕೊಂಡು ಹೊರಗೆ ಬಂದು ಆಟೋದಲ್ಲಿ ಕುಳಿತೆ. ಮೂರನೇ ಸಲ ಹೇಳಿದ್ದು ನನಗೆ ಕೇಳಿಸಲಿಲ್ಲ. ನನಗೆ ಹೇಳಿದ್ದೂ ಅಲ್ಲ.