ಸೊಪ್ಪಿನ ಬ್ರೇಕಿನ ಭಾವ

ನಮ್ಮ ಭಾವನವರಿಗೆ ಸೈಕಲ್ ಹೊಡೆಯಲು ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಚೆಟ್ಟಳ್ಳಿಯ ಆಸುಪಾಸಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಅವರು ಎಲ್ಲೆಲ್ಲಿ ನಿಂತಿದ್ದರು ಎಂಬುದನ್ನು ಜನ ಬೆರಳು ಮಾಡಿ ತೋರಿಸುತ್ತಾರೆ: ಈ ಬೇಲಿ, ಆ ಹುಲ್ಲಿನ ಬಣವೆ, ತಿರುವಿನ ಅಂಗಡಿಯ ಮುಂದಿದ್ದ ಉಪ್ಪಿನ ಮೂಟೆ. ನಿಲ್ಲಬೇಕಾದ ಜಾಗ ಇನ್ನೂ ಅರ್ಧ ಫರ್ಲಾಂಗು ದೂರ ಇರುವಾಗಲೇ "ಹಿಡೀರಿ, ಹಿಡೀರಿ" ಎಂದು ಕೂಗಿಕೊಂಡು ಬರುತ್ತಿದ್ದರು. ಯಾರಾದರೂ ಹಿಡಿಯುತ್ತಿದ್ದರು. ನಾನು ಊರಲ್ಲಿದ್ದರೆ ಆ ಯಾರಾದರೂ ನಾನೇ. ನನ್ನ ಎಡಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಭಾವ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವರಲ್ಲ. ಬೆಳಿಗ್ಗೆ ಲೈನುಮನೆಗಳ ಆಳುಗಳನ್ನು ಎಣಿಸಿ ಹಾಜರಿ ಬರೆಯುವವರು. ದಿನಾ ಏಳೆಂಟು ಮೈಲಿ ತೋಟ ಸುತ್ತಿದ ಕಾಲು, ನಿವೃತ್ತಿಯಾದ ಮರುದಿನ ಸುಮ್ಮನಿರು ಎಂದರೆ ಇರುತ್ತದೆಯೇ? ಕಾಫಿ ಲೋಟ ಹಿಡಿದುಕೊಂಡೇ ಅಂಗಳದ ಈ ತುದಿಯಿಂದ ಆ ತುದಿಗೆ ಓಡಾಡುವರು. ಊಟದ ಎಲೆಯ ಮುಂದೆ ಕೂತರೂ ಒಂದು ಮಂಡಿ ಎದ್ದೇ ಇರುತ್ತಿತ್ತು. ಎಣಿಸಲು ಆಳುಗಳಿಲ್ಲದೆ ಹೆಜ್ಜೆಗಳನ್ನೇ ಎಣಿಸತೊಡಗಿದರು. "ಬಚ್ಚಲಿಗೆ ಹದಿನೆಂಟು, ಬಾವಿಗೆ ಅರವತ್ತನಾಲ್ಕು" ಎಂದು ಬಂದವರಿಗೆಲ್ಲ ಹೇಳುವರು. ಕೇಳಿದವರು ಇದನ್ನು ಕಟ್ಟಿಕೊಂಡು ಏನು ಮಾಡಬೇಕು? ಐವತ್ತೇಳನೆಯ ವಯಸ್ಸಿಗೆ ಸೈಕಲ್ ಕಲಿತದ್ದೂ ಈ ಚಡಪಡಿಕೆಯಲ್ಲೇ.

ಈ ಮನುಷ್ಯನನ್ನು ಕಟ್ಟಿಕೊಂಡವಳು ನನ್ನ ಅಕ್ಕ. ನಾನು ಹೇಳಹೊರಟ ಬೇಸಿಗೆಗೆ ಎರಡು ವರ್ಷ ಮೊದಲು ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿದಿತ್ತು. ಮೂಳೆ ಕೂಡಿತು, ಆದರೆ ಅದಕ್ಕೆ ತೋಚಿದಂತೆ ಕೂಡಿತು. ಕೋಲು ಊರಿಕೊಂಡು ಅಡುಗೆಮನೆಗೆ, ಜಗಲಿಗೆ ಬರುವಳು. ಗೇಟು ಮಾತ್ರ ದಾಟಿರಲಿಲ್ಲ. ಒಬ್ಬರು ಎರಡು ಹೆಜ್ಜೆ ಇಡಲಾರರು, ಇನ್ನೊಬ್ಬರು ಎರಡು ನಿಮಿಷ ನಿಲ್ಲಲಾರರು. ನೋಡುವ ನನಗೆ ಎರಡೂ ಚಿಂತೆ.

ಬೇಸಿಗೆ ರಜೆಗೆ ಶಾಲೆ ಮುಚ್ಚಿದ್ದರಿಂದ ಮಡಿಕೇರಿಯಲ್ಲಿ ಮೇಷ್ಟ್ರಾಗಿದ್ದ ನಾನು ಬಂದು ಅವರ ಮನೆಯಲ್ಲಿದ್ದೆ. ಅದು ನನ್ನ ಗ್ರಹಚಾರ. ಒಂದು ಸಂಜೆ ಅಕ್ಕ ಜಗಲಿಯಲ್ಲಿ ಅಕ್ಕಿ ಆರಿಸುತ್ತ, "ಹೊಳೆ ಕಮರಿಯಲ್ಲಿ ಆ ಪಾಂಡವರ ಮನೆ ಈಗಲೂ ಇದೆಯೋ ಏನೋ. ಒಂದ್ಸಲ ನೋಡಬೇಕು ಅನಿಸುತ್ತೆ" ಎಂದಳು.

ನಮ್ಮ ತಂದೆ ಫಾರೆಸ್ಟ್ ಗಾರ್ಡ್ ಆಗಿದ್ದವರು. ಸಿದ್ದಾಪುರದ ಆಚೆ, ಕಾವೇರಿಗೆ ಸೇರುವ ಒಂದು ಹೊಳೆ ಬಂಡೆಯನ್ನು ಸೀಳಿಕೊಂಡು ಇಳಿಯುವ ಕಮರಿಯ ಮೇಲೆ ಅವರ ಕ್ವಾರ್ಟರ್ಸ್ ಇತ್ತು. ಸುತ್ತ ರಿಸರ್ವ್ ಕಾಡು. ಕೆಳಗೆ ಹೊಳೆಯ ಪಕ್ಕದಲ್ಲಿ, ಯಾವ ಕಾಲದ್ದೋ ಏನೋ, ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಪುಟ್ಟ ಮನೆಗಳು. ಜನ ಅವನ್ನು ಪಾಂಡವರ ಮನೆ ಎನ್ನುತ್ತಾರೆ. ಅಕ್ಕ ಹುಡುಗಿಯಾಗಿ ಬೆಳೆದದ್ದೇ ಅಲ್ಲಿ.

ಎರಡು ವರ್ಷದಲ್ಲಿ ಅಕ್ಕ ಬೇಕು ಎಂದು ಬಾಯಿಬಿಟ್ಟು ಹೇಳಿದ್ದು ಇದೊಂದೇ. ಭಾವ ಅಲ್ಲೇ ನಿಂತರು, ಅಂದರೆ ಅವರ ಲೆಕ್ಕದಲ್ಲಿ ನಿಧಾನವಾಗಿ ನಡೆದರು. "ಪಕ್ಕದ ತೋಟದ ಜೀಪು ಕೇಳಿದರೆ ಕೊಡ್ತಾರೆ. ಜೀಪು ಅಲ್ಲಿಗೆ ಇಳಿಯುತ್ತೋ ಇಲ್ಲವೋ ನೋಡಿಕೊಂಡು ಬಂದುಬಿಡೋಣ. ಇಳಿಯುತ್ತೆ ಅಂದರೆ ಮಳೆ ಹಿಡಿಯೋದರೊಳಗೆ ನಿನ್ನನ್ನು ಕರ್ಕೊಂಡು ಹೋಗೋದೇ."

"ಇಳಿಯದಿದ್ದರೆ?" ಎಂದಳು ಅಕ್ಕ.

"ಕಂಬಳಿ ಜೋಲಿ ಕಟ್ಟಿ ಹೊತ್ತರಾಯಿತು" ಎಂದು ನಾನು ಬಾಯಿ ಹಾಕಿದೆ.

ಅಕ್ಕ ನನ್ನ ಕಡೆ ನೋಡಿದಳು. "ಜೋಲಿಯಲ್ಲಿ ಒಂದ್ಸಲ ಆಸ್ಪತ್ರೆಗೆ ಹೋಗಿದ್ದೇನೆ. ಇನ್ನೊಂದ್ಸಲ ಮಲಗಿಕೊಂಡು ಈ ಗೇಟು ದಾಟೋದು ಬದುಕಿರೋವಾಗ ಅಲ್ಲ, ತಮ್ಮ."

ಭಾವನವರಿಗೆ ಇದು ಕೇಳಿಸಿತೋ ಇಲ್ಲವೋ. ಆಗಲೇ ಹಿತ್ತಲಲ್ಲಿ ಟಯರಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು.

ಮರುದಿನ ಬೆಳಿಗ್ಗೆ ಎಸ್ಟೇಟಿನ ಟಪ್ಪಾಲಿನವನ ಸೈಕಲ್ಲನ್ನು ನನಗೆ ಎರವಲು ತಂದಿದ್ದರು. ನಾನು ಚೀಲದಲ್ಲಿ ತುಂಬಿಕೊಂಡದ್ದು: ಟಿಂಚರ್ ಶೀಸೆ, ನನ್ನ ಮಂಡಿನೋವಿಗೆ ಎಣ್ಣೆ, ಬ್ಯಾಂಡೇಜು ಬಟ್ಟೆ, ಆನೆಗೆ ಬೆಂಕಿ ತೋರಿಸಲು ಎರಡು ಬೆಂಕಿಪೊಟ್ಟಣ, ಆ ಬೆಂಕಿಪೊಟ್ಟಣ ಒದ್ದೆಯಾದರೆ ಇರಲಿ ಎಂದು ಇನ್ನೊಂದು, ಒಂದು ಕೊಡೆ. ಜೇಬಿನಲ್ಲಿ ನನ್ನ ಹೆಸರು ವಿಳಾಸ ಬರೆದ ಚೀಟಿ. ಭಾವ ತಂದದ್ದು ನಾಲ್ಕು ಬಾಳೆಹಣ್ಣು. ಅದರಲ್ಲಿ ಮೂರು ಗೇಟು ದಾಟುವ ಮೊದಲೇ ಮುಗಿದಿದ್ದವು.

ಕೊಡಗಿನಲ್ಲಿ ಸೈಕಲ್ ಪ್ರವಾಸ ಎಂದರೆ ಏನೆಂದು ಬಯಲುಸೀಮೆಯವರಿಗೆ ತಿಳಿಯುವುದು ಕಷ್ಟ. ಅರ್ಧ ದಾರಿ ನಾವು ಸೈಕಲ್ಲನ್ನು ತಳ್ಳುತ್ತೇವೆ, ಉಳಿದರ್ಧ ಸೈಕಲ್ಲು ನಮ್ಮನ್ನು ತಳ್ಳುತ್ತದೆ. ಆಗಿನ್ನೂ, ಐವತ್ತರ ದಶಕದಲ್ಲಿ, ನಮ್ಮ ಕೊಡಗೇ ಒಂದು ರಾಜ್ಯ. ಇಬ್ಬರೇ ಮಂತ್ರಿಗಳು, ಅವರನ್ನೂ ಸಂತೆಯಲ್ಲಿ ಕಾಣಬಹುದಿತ್ತು. ಇಷ್ಟು ಚಿಕ್ಕ ರಾಜ್ಯದಲ್ಲಿ ಇಷ್ಟು ದೊಡ್ಡ ಇಳಿಜಾರುಗಳನ್ನು ಇಟ್ಟವರು ಯಾರೋ. ಬ್ರೇಕು ಕೈಕೊಟ್ಟರೆ ಪಕ್ಕದ ಮೈಸೂರು ರಾಜ್ಯದಲ್ಲೇ ಹೋಗಿ ನಿಲ್ಲಬೇಕು ಎಂಬುದು ನನ್ನ ಹಳೆಯ ಭಯ.

ಭಾವನವರಿಗೆ ಆ ಭಯವಿರಲಿಲ್ಲ, ಏಕೆಂದರೆ ಅವರ ಸೈಕಲ್ಲಿನಲ್ಲಿ ಬ್ರೇಕೇ ಇರಲಿಲ್ಲ. ಇಳಿಜಾರಿನ ತಲೆಯಲ್ಲಿ ಇಳಿದು, ಒಂದು ದೊಡ್ಡ ನೇರಳೆ ಕೊಂಬೆ ಕಡಿದು, ಸೊಪ್ಪು ಸಮೇತ ಹಗ್ಗದಿಂದ ಕ್ಯಾರಿಯರಿಗೆ ಬಿಗಿದರು. ಅದು ಹಿಂದೆ ನೆಲ ಕೆರೆಯುತ್ತ ಬರುತ್ತದೆ, ಸೈಕಲ್ಲು ಓಡುವುದಿಲ್ಲ. ಇಳಿಜಾರಿನ ಊರಿನವರಿಗೆ ಇದು ಹೊಸದಲ್ಲ. ಆದರೆ ಭಾವನವರು ಇದನ್ನು ತಾವೇ ಕಂಡುಹಿಡಿದಂತೆ ವಿವರಿಸಿದರು.

"ಸೊಪ್ಪು ಸವೆದು ಹೋದರೆ ಎಂತ ಮಾಡುವುದು ಭಾವ?"

"ಆಗ ನಿನ್ನನ್ನು ಕಟ್ಟುತ್ತೇನೆ ಮಾರಾಯ. ನೀನು ಹೇಗೂ ಎಲ್ಲದಕ್ಕೂ ತಡೆ."

ಹೀಗೆ ಹಿಂದೆ ಮರವನ್ನು ಎಳೆದುಕೊಂಡು, ದೂಳಿನ ಮೋಡ ಎಬ್ಬಿಸುತ್ತ ಅವರು ಸಿದ್ದಾಪುರ ಪೇಟೆಯನ್ನು ಪ್ರವೇಶಿಸಿದರು. ವೀರಾಜಪೇಟೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ಒಬ್ಬಾಕೆ ಮಲಯಾಳದಲ್ಲಿ ಏನೋ ಹೇಳಿದಳು, ಎಲ್ಲರೂ ನಕ್ಕರು. ನಾನು ಅರ್ಥವಾಗದವನಂತೆ ಕೊಡೆ ಬಿಚ್ಚಿ ಮುಖಕ್ಕೆ ಹಿಡಿದೆ. ಎಂತ ಮಾಡುವುದು, ನನಗೆ ಮಲಯಾಳ ಚೆನ್ನಾಗಿ ಬರುತ್ತದೆ.

ರಿಸರ್ವ್ ಕಾಡಿನ ಗೇಟಿನಲ್ಲಿ ಒಬ್ಬ ಮುದುಕ ವಾಚರ್ ಇದ್ದ. ನಮ್ಮ ತಂದೆಯ ಹೆಸರು ಹೇಳಿದೊಡನೆ ಗೇಟು ತೆಗೆದ. ಅವರ ಅಳಿಯ, ಅವರ ಮಗ ಎಂದು ನಮ್ಮಿಬ್ಬರನ್ನೂ ನೋಡಿ, ತಂದೆಯವರ ಬಗ್ಗೆ ಮರುಕಪಟ್ಟಂತೆ ತಲೆಯಾಡಿಸಿ, ತಾನೂ ದಾರಿ ತೋರಿಸಲು ಹೊರಟ.

ಆನೆ ಕಾಡು. ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ನಾನು ಮೊದಲನೆಯ ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡೆ. ಭಾವ ಮಾತ್ರ ಧೈರ್ಯವಾಗಿ ಸೈಕಲ್ ಗಂಟೆ ಬಾರಿಸುತ್ತ ಹೊರಟರು. ಗಂಟೆಗೆ ಆನೆ ಹೆದರುತ್ತದಂತೆ.

"ಸ್ವಾಮಿ, ಗಂಟೆ ಹೊಡೀಬೇಡಿ" ಎಂದ ವಾಚರ್.

"ಯಾಕೆ?"

"ನಮ್ಮ ಇಲಾಖೆ ಆನೆಗಳಿಗೆ ಕೊರಳಲ್ಲಿ ಗಂಟೆ ಕಟ್ಟಿರ್ತೇವೆ. ಎಲ್ಲ ಹೆಣ್ಣಾನೆ. ಗಂಟೆ ಕೇಳಿದರೆ ಒಂಟಿ ಸಲಗ ಹುಡುಕ್ಕೊಂಡು ಬರ್ತದೆ."

ಭಾವ ಗಂಟೆಯನ್ನು ಕರವಸ್ತ್ರದಲ್ಲಿ ಸುತ್ತಿಬಿಟ್ಟರು. ಆಮೇಲೆ ಒಂದು ಮೈಲಿ ಅವರು ಮಾತೂ ಆಡಲಿಲ್ಲ. ನನಗೆ ಗೊತ್ತಿದ್ದಂತೆ ಅದು ದಾಖಲೆ.

ಆಮೇಲೆ ಬಂತು ಕೊನೆಯ ಇಳಿಜಾರು. ವಾಚರ್ ಕಾಲಿನ ಮುಳ್ಳು ತೆಗೆಯಲು ಕೂತ, ನಾನು ಅವನಿಗೆ ಟಿಂಚರ್ ಹಚ್ಚಲು ಕೂತೆ. ತಲೆ ಎತ್ತಿ ನೋಡುತ್ತೇನೆ, ಭಾವ ಇಲ್ಲ. "ಹಿಡೀರಿ" ಎಂದು ಎಲ್ಲೋ ಕೆಳಗಿನಿಂದ ಒಂದು ಸಲ ಕೇಳಿಸಿತು. ಆಮೇಲೆ ಅದೂ ಇಲ್ಲ. ಅಕ್ಕನಿಗೆ ಏನು ಹೇಳಬೇಕು ಎಂಬ ಭಾಷಣವನ್ನು ಅಷ್ಟರಲ್ಲೇ ಎರಡು ವಿಧದಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಆದರೆ ದಾರಿಯುದ್ದಕ್ಕೂ ಯಾರೋ ಪೊರಕೆ ಹಾಕಿ ಗುಡಿಸಿದಂತೆ ನೇರಳೆ ಕೊಂಬೆಯ ಗುರುತು ಬಿದ್ದಿತ್ತು. ಅದನ್ನೇ ಹಿಡಿದುಕೊಂಡು ಓಡಿದೆವು. ಗುಡಿಸಿದ ದಾರಿ ಹಾಳುಬಿದ್ದ ಕ್ವಾರ್ಟರ್ಸ್ ದಾಟಿ, ಕಮರಿಯ ಅಂಚಿನ ಬಿದಿರು ಮೆಳೆಯಲ್ಲಿ ಮುಗಿದಿತ್ತು. ಮೆಳೆಯೊಳಗೆ ಸೈಕಲ್ಲು, ಸೈಕಲ್ಲಿನ ಮೇಲೆ ಭಾವ.

"ಜೀಪು ಇಲ್ಲಿಯವರೆಗೆ ಬರುತ್ತದೆ" ಎಂದರು ಅವರು ಒಳಗಿನಿಂದಲೇ. "ಒಂದು ಕೆಲಸ ಮುಗೀತು. ಈಗ ನನ್ನನ್ನು ಹೊರಗೆ ಎಳಿ."

ಅಲ್ಲಿಂದ ಕೆಳಗೆ ಕಾಲುದಾರಿ. ಎರಡೂ ಕಡೆ ಬಂಡೆಯ ಗೋಡೆ, ಕೆಳಗೆ ಹೊಳೆಯ ಸದ್ದು. ಭಾವ ಒಂದೊಂದು ಹೆಜ್ಜೆಯನ್ನೂ ಗಟ್ಟಿಯಾಗಿ ಎಣಿಸುತ್ತ ಇಳಿದರು. ಮೊದಮೊದಲು ದನಿ ಉತ್ಸಾಹದಲ್ಲಿತ್ತು. ನೂರು ದಾಟಿದ ಮೇಲೆ ಇಳಿಯತೊಡಗಿತು. ಎರಡು ಜಾಗದಲ್ಲಿ ದಾರಿಗೆ ಅಡ್ಡಬಿದ್ದ ಬಂಡೆಯನ್ನು ಹಿಡಿದು ಜಾರಿಕೊಂಡೇ ಇಳಿಯಬೇಕಾಯಿತು. ಅಲ್ಲಿ ಅವರು ಎಣಿಸುವುದನ್ನು ನಿಲ್ಲಿಸಿ, ನನ್ನ ಮುಖ ನೋಡಿ, ಮತ್ತೆ ಎಣಿಸಿದರು. ಇನ್ನೂರ ಎಪ್ಪತ್ತೊಂದು.

ಪಾಂಡವರ ಮನೆಗಳು ಇದ್ದವು. ಐದಾರು ಕುಸಿದಿದ್ದವು, ಹೊಳೆಗೆ ಹತ್ತಿರದ್ದೊಂದು ಹೇಗಿತ್ತೋ ಹಾಗೆಯೇ ನಿಂತಿತ್ತು. ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಂಡಿ, ಒಂದು ಮಗು ನುಸುಳುವಷ್ಟು.

"ಪಾಂಡವರು ಇಷ್ಟು ಕುಳ್ಳರಾ?" ಎಂದರು ಭಾವ. "ಭೀಮ ಒಳಗೆ ಹೋಗಿದ್ದು ಹೇಗೆ?"

ನಾನು ಮೇಷ್ಟ್ರಲ್ಲವೇ, ಸುಮ್ಮನಿರಲಾದೀತೇ? "ಇವು ಮನೆಗಳಲ್ಲ ಭಾವ, ಬಹಳ ಹಿಂದಿನ ಜನರ ಗೋರಿಗಳು" ಎಂದೆ.

"ನಿನ್ನ ಅಕ್ಕನಿಗೆ ಹೇಳಬೇಡ. ಅವಳು ಇದರಲ್ಲಿ ಅಡುಗೆ ಮಾಡಿದ್ದಾಳೆ."

ಮಾಡಿದ್ದಳು. ಮಣ್ಣಿನ ಅನ್ನ, ಸೊಪ್ಪಿನ ಸಾರು. ನನಗಾಗ ಮೂರು ವರ್ಷ, ಅವಳಿಗೆ ಹತ್ತು. ಆಟದಲ್ಲಿ ಅವಳು ತಾಯಿ, ನಾನು ಕೂಸು. ಕೂಸನ್ನು ಮಲಗಿಸಬೇಕಲ್ಲ, ಕಂಡಿಯಲ್ಲಿ ನನ್ನನ್ನು ಒಳಗೆ ತೂರಿಸಿ, ಹೊಳೆಗೆ ನೀರು ತರಲು ಹೋದವಳು ಮೀನು ನೋಡುತ್ತ ನನ್ನನ್ನು ಮರೆತೇ ಬಿಟ್ಟಳಂತೆ. ನನಗೆ ನೆನಪಿಲ್ಲ, ಮನೆಯಲ್ಲಿ ನಗಾಡಿಕೊಂಡು ಹೇಳುವ ಕಥೆ. ಪ್ರಪಂಚದಲ್ಲಿ ಏನು ಬೇಕಾದರೂ ಆಗಬಹುದು ಎಂಬ ನನ್ನ ನಂಬಿಕೆ ಅಲ್ಲಿಂದಲೇ ಶುರುವಾಗಿರಬೇಕು.

ಭಾವ ಚಪ್ಪಡಿಗೆ ಬೆನ್ನು ಕೊಟ್ಟು ನಿಂತಿದ್ದರು. "ಆಗೋದಿಲ್ಲ ಕಣೋ" ಎಂದರು. ಇಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಜೀಪು ಮೇಲೇ ನಿಲ್ಲುತ್ತೆ. ಅವಳು ಮೇಲಿಂದ ಬಗ್ಗಿ ನೋಡಿದರೆ ಬಿದಿರು ಬಿಟ್ಟು ಏನೂ ಕಾಣೋದಿಲ್ಲ. ಕಲ್ಲಿನ ಮನೆ ಇಲ್ಲ, ಹೊಳೆಯಲ್ಲಿ ಹೋಯ್ತು ಅಂತ ಹೇಳಿಬಿಡೋಣ. ಇದೆ ಆದರೆ ನಿನಗಾಗೋದಿಲ್ಲ ಅನ್ನೋದಕ್ಕಿಂತ ಅದು ಒಳ್ಳೇದು."

ಅರವತ್ತರ ಮನುಷ್ಯ, ಬಿದಿರು ಗೀರಿದ ಕೆನ್ನೆ ಒರೆಸಿಕೊಳ್ಳುತ್ತ ನಿಂತದ್ದನ್ನು ನೋಡಲಾಗಲಿಲ್ಲ. ನಾನು ಬೇರೆ ಕಡೆ ನೋಡಿದೆ. ಬೇರೆ ಕಡೆ ಎಂದರೆ ನಾವು ಇಳಿದುಬಂದ ದಾರಿ. ಅದು ನೆಟ್ಟಗೆ ಆಕಾಶಕ್ಕೆ ಹೋದಂತಿತ್ತು.

ಅಕ್ಕ ನನ್ನನ್ನು ಮರೆತ ಆ ದಿನ ಮತ್ತೆ ಏನಾಯಿತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಕಥೆ ಮರೆತು ಹೋದಲ್ಲಿಗೆ ನಿಲ್ಲುತ್ತಿತ್ತು, ಎಲ್ಲರೂ ನಗುತ್ತಿದ್ದೆವು. ಆದರೆ ಮೂರು ವರ್ಷದ ಮಗು ಇದನ್ನು ಹತ್ತಲಾರದು. ಅಪ್ಪ ಕಾಡಿನಲ್ಲಿ, ಅಮ್ಮ ಮೇಲೆ ಮನೆಯಲ್ಲಿ. ಹತ್ತು ವರ್ಷದ ಹುಡುಗಿ ಅಳುವ ತಮ್ಮನನ್ನು ಕಂಡಿಯಿಂದ ಎಳೆದು, ಸೊಂಟದ ಮೇಲೆ ಕೂರಿಸಿಕೊಂಡು, ಆ ಎರಡು ಬಂಡೆಗಳನ್ನೂ ಏರಿ, ಇನ್ನೂರ ಎಪ್ಪತ್ತೊಂದು ಹೆಜ್ಜೆ. ಅವಳ ಹೆಜ್ಜೆ ಚಿಕ್ಕದು, ನಾನೂರಾದರೂ ಆಗಿರಬೇಕು.

"ಕುರ್ಚಿ" ಎಂದೆ ನಾನು.

"ಏನು?"

"ಜೋಲಿ ಬೇಡ ಅಂದಳು. ಕುರ್ಚಿ ಬೇಡ ಅಂದಿಲ್ಲ. ಎರಡು ಬಿದಿರು ಕಟ್ಟಿ, ಕೂತುಕೊಂಡೇ ಬರಲಿ. ನಾಲ್ಕು ಜನ ಸಾಕು."

ಭಾವ ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಆ ನಾಲ್ಕು ಜನ ಯಾರು?"

"ನೀವು, ಈ ವಾಚರ್, ಇವನ ಕಡೆಯವರು ಒಬ್ಬರು." ಎಡಗೈ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡೆ. "ಆಮೇಲೆ ನಾನು."

"ನೀನಾ? ನೀನು ತುಂಬಿದ ಕೊಡ ಹೊರುವಾಗಲೇ ದೇವರ ಹೆಸರು ಹೇಳ್ತೀಯಲ್ಲ."

"ಹೇಳಿಕೊಂಡೇ ಹೊರುತ್ತೇನೆ."

ವಾಚರ್ ನಗಲಿಲ್ಲ. ಮೆಳೆಯ ಕಡೆ ನೋಡಿ, ಬಲಿತ ಬಿದಿರು ಯಾವುದು ಎಂದು ಕಣ್ಣಲ್ಲೇ ಆರಿಸತೊಡಗಿದ.

ಸಂಜೆ ನಾವು ಮನೆಗೆ ಬಂದಾಗ ಅಕ್ಕ ಜಗಲಿಯಲ್ಲೇ ಇದ್ದಳು. ಭಾವ ಕಲ್ಲಿನ ಮನೆ ಇದೆ ಎಂದರು, ಹಾಗೆಯೇ ಇದೆ ಎಂದರು, ಹೆಜ್ಜೆಯ ಲೆಕ್ಕ ಒಪ್ಪಿಸಿದರು, ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ ಕುರ್ಚಿಯ ವಿಷಯವನ್ನೂ ಹೇಳಿಬಿಟ್ಟರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಕ್ಕ ಬೈಯುತ್ತಾಳೆ, ಅಳುತ್ತಾಳೆ, ಬೇಡ ಎನ್ನುತ್ತಾಳೆ ಎಂದು ಮೂರಕ್ಕೂ ಹೆದರಿಕೊಂಡಿದ್ದೆ. ಅವಳು ಎಲ್ಲ ಕೇಳಿ ಮುಗಿಸಿ, ನನ್ನ ಕಡೆ ತಿರುಗಿದಳು.

"ನಿನಗೆ ಮಂಡಿ ನೋಯೋದು ಹತ್ತುವಾಗಲೋ ಇಳಿಯುವಾಗಲೋ?"

"ಇಳಿಯುವಾಗ."

"ಹಾಗಾದರೆ ಇಳಿಯುವಾಗ ನೀನು ಹಿಂದೆ ಹಿಡಿ. ಮುಂದೆ ಹಿಡಿದವರ ಮೇಲೇ ಭಾರ ಬೀಳೋದು" ಎಂದಳು. ಕೋಲು ಊರಿಕೊಂಡು ಎದ್ದಳು. ಜಗಲಿಯಲ್ಲಿದ್ದ ಕುರ್ಚಿಗಳನ್ನು ಒಂದೊಂದಾಗಿ ಹಿಡಿದು, ಯಾವುದು ಗಟ್ಟಿ ಎಂದು ಅಲ್ಲಾಡಿಸಿ ನೋಡತೊಡಗಿದಳು.