ಹುರುಳಿ ಒಕ್ಕಣೆಯ ಮೇಲೆ ಗ್ರಾಮ ಲೆಕ್ಕಿಗನ ಸೈಕಲ್ ರೇಸು

ಸೈಕಲ್ ತುಳಿಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಬಿಳಿಗೆರೆ ಹೋಬಳಿಯಲ್ಲಿ ಗ್ರಾಮ ಲೆಕ್ಕಿಗನಾಗಿದ್ದ ನಾನು ನಂಜನಗೂಡಿನ ಮನೆಯಿಂದ ದಿನವೂ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ನಿಜ. ಆದರೆ ಕಾಲು ಹಿಂದೆ ಬಿದ್ದಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಕಚೇರಿಯವರೆಲ್ಲ ಒಬ್ಬೊಬ್ಬರಾಗಿ ಮೊಪೆಡ್ ಕೊಂಡರು. ಒಂದು ಬೆಳಿಗ್ಗೆ ನನ್ನ ಹೆಂಡತಿ ಜಯಮ್ಮ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು.

"ಈ ಡಕೋಟಾ ಸೈಕಲ್ನ ನನ್ನ ತಮ್ಮಂಗೆ ಕೊಟ್ಬುಡಿ. ಹಾಲಿನ ಕ್ಯಾನ್ ಕಟ್ಟಕೆ ಕೇಳ್ತಾವ್ನೆ. ನೀವೂ ಎಲ್ಲಾರಂಗೆ ಒಂದು ಮೊಪೆಡ್ ತಗಳಿ."

"ಮೊದಲ ಸಂಬಳದಲ್ಲಿ ತಗಂಡ ಸೈಕಲ್ ಕಣೇ ಅದು. ಅದಕ್ಕೆ ಹಾಲಿನ ಕ್ಯಾನಾ?"

"ಇನ್ನೇನು ತೇರು ಕಟ್ಟಬೇಕಿತ್ತಾ?"

ಆ ವಾರವೇ ಊರಿನ ಯುವಕರ ಸಂಘದವರು ಅತಿದೂರದ ಸೈಕಲ್ ಸ್ಪರ್ಧೆಯ ಕರಪತ್ರ ಹಂಚಿದರು. ನಂಜನಗೂಡಿನಿಂದ ಹುಲ್ಲಹಳ್ಳಿಗೆ ಹೋಗಿ ಹಿಂತಿರುಗಿ, ಬಿಳಿಗೆರೆ, ತಿ. ನರಸೀಪುರ ದಾಟಿ, ಸೋಮನಾಥಪುರ ಮುಟ್ಟಿ, ಮತ್ತೆ ಬಂದ ದಾರಿಯಲ್ಲೇ ನಂಜನಗೂಡಿಗೆ. ನೂರು ಕಿಲೋಮೀಟರಿಗೂ ಮೇಲೆ. ಹೊತ್ತು ಮುಳುಗುವುದರೊಳಗೆ ಬಂದವರು ಮಾತ್ರ ಲೆಕ್ಕಕ್ಕೆ. ನಾನು ಕರಪತ್ರವನ್ನು ಜಯಮ್ಮನ ಮುಂದೆ ಹಿಡಿದು ಸರ್ಕಾರಿ ಆದೇಶದ ಧಾಟಿಯಲ್ಲಿ ಹೇಳಿದೆ: ಇದನ್ನು ನಾನು ಇದೇ ಸೈಕಲ್ಲಿನಲ್ಲಿ ಮುಗಿಸತಕ್ಕದ್ದು, ಮುಗಿಸಿದಲ್ಲಿ ಸೈಕಲ್ ಮನೆಯಲ್ಲೇ ಉಳಿಯತಕ್ಕದ್ದು, ತಪ್ಪಿದಲ್ಲಿ ಭಾವಮೈದನ ಕೊಟ್ಟಿಗೆ ಸೇರತಕ್ಕದ್ದು.

"ಆಯ್ತು," ಎಂದಳು ಜಯಮ್ಮ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಬೇಗ ಯಾವುದಕ್ಕೂ ಒಪ್ಪಿದ್ದಿಲ್ಲ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಎಚ್ಚೆತ್ತುಕೊಳ್ಳುವ ಬದಲು ಪ್ರಚಾರಕ್ಕೆ ಹೊರಟೆ. ಬಿಳಿಗೆರೆಯಲ್ಲಿ ಕಂಡಕಂಡವರಿಗೆಲ್ಲ, "ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ರ ನಿಂತ್ಕಳಿ, ನಾನು ಬತ್ತೀನಿ," ಎಂದೆ. ಗ್ರಾಮ ಲೆಕ್ಕಿಗನಾದವನು ಯಾವಾಗ ಎಲ್ಲಿ ಸಿಗುತ್ತಾನೆಂಬುದು ಜನಕ್ಕೆ ತಿಳಿಯಲೇಬಾರದು. ನಮ್ಮ ವೃತ್ತಿ ನಿಂತಿರುವುದೇ ಅದರ ಮೇಲೆ. ಹೆಸರಿನ ಆಸೆಗೆ ಬಿದ್ದು ನಾನು ಅದನ್ನೇ ಮರೆತೆ.

ಭಾನುವಾರ ಬೆಳಿಗ್ಗೆ ಸ್ಪರ್ಧಿಗಳ ಸಾಲಿನಲ್ಲಿ ನಿಂತಾಗ ಅಕ್ಕಪಕ್ಕದಲ್ಲೆಲ್ಲ ಮೈಸೂರಿನ ಹುಡುಗರು. ಮೈಗೆ ಅಂಟಿದ ಬಟ್ಟೆ, ಕಡ್ಡಿಯಂಥ ಗೇರ್ ಸೈಕಲ್ಲು. ನಾನು ಪ್ಯಾಂಟಿಗೆ ಕ್ಲಿಪ್ ಹಾಕಿ, ಕ್ಯಾನ್ವಾಸ್ ಶೂ ತೊಟ್ಟು ಹೋಗಿದ್ದೆ. ಒಬ್ಬ ಬಹಳ ಮರ್ಯಾದೆಯಿಂದ ಕೇಳಿದ: "ಅಂಕಲ್, ನೀವು ಚೀಫ್ ಗೆಸ್ಟಾ?"

ಹುಲ್ಲಹಳ್ಳಿಗೆ ಹೋಗಿ ಬಂದದ್ದು ಸಲೀಸಾಗಿತ್ತು. ಬಿಳಿಗೆರೆ ಬಂತು. ಬಸ್ ಸ್ಟ್ಯಾಂಡಿನಲ್ಲಿ ಜನವೋ ಜನ. ನನ್ನ ಎದೆ ಉಬ್ಬಿತು. ಒಂದು ಕೈ ಬಿಟ್ಟು ಬೀಸಿದೆ. ಮುನ್ನುಗ್ಗಿ ಬಂದು ಹ್ಯಾಂಡಲ್ ಹಿಡಿದು ನಿಲ್ಲಿಸಿದವನು ಸಿದ್ದೇಗೌಡ. ತಿಂಗಳುಗಳಿಂದ ನಾನು ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದದ್ದು ಈ ರೈತನಿಂದಲೇ.

"ಸಾ, ನಮ್ ಪಹಣಿ."

"ರೇಸು ಕಣೋ ಸಿದ್ದೇಗೌಡ, ಬುಡು."

"ಆಡಿ ಸಾ, ಬ್ಯಾಡ ಅಂದೋರ್ ಯಾರು? ಒಂದ್ ಸೈನ್ ಆಕ್ಬುಟ್ಟು ಆಡಿ. ಆಪೀಸ್ಗೆ ಓದ್ರೆ ಸಾಯೇಬ್ರು ಕ್ಯಾಂಪು ಅಂತಾರೆ. ಇವತ್ತು ಇಲ್ಲೇ ಸಿಕ್ತೀನಿ ಅಂತ ನೀವೇ ಏಳಿದ್ರಲ್ಲ."

ಅವನ ಹಿಂದೆ ನೋಡಿದರೆ ಪಡಿತರದ ಅಂಗಡಿಯ ಮುಂದಿನ ಹಾಗೆ ಸಾಲು. ಎಲ್ಲರ ಕೈಯಲ್ಲೂ ಅರ್ಜಿ. ಸೈಕಲ್ ಸೀಟೇ ನನ್ನ ಮೇಜಾಯಿತು. ನಾನು ಸಹಿ ಹಾಕುತ್ತಿದ್ದಂತೆ ಹಿಂದಿದ್ದ ಸ್ಪರ್ಧಿಗಳೆಲ್ಲ ಒಬ್ಬೊಬ್ಬರಾಗಿ ಮುಂದೆ ಹೋದರು. ನನ್ನ ಸರ್ವೀಸಿನಲ್ಲಿ ಅಷ್ಟು ಕೆಲಸ ಒಂದೇ ದಿನ ವಿಲೇವಾರಿಯಾದದ್ದು ಅದೊಂದೇ ಸಲ, ಅದೂ ರಜಾ ದಿನ! ಕೊನೆಗೆ, ಮಾರನೆಯ ಬೆಳಿಗ್ಗೆ ಜಮೀನಿಗೇ ಬಂದು ಮಹಜರು ಮಾಡುತ್ತೇನೆಂದು ಸಿದ್ದೇಗೌಡನಿಗೆ ಮಾತು ಕೊಟ್ಟ ಮೇಲೆ ಹ್ಯಾಂಡಲ್ ಬಿಡುಗಡೆಯಾಯಿತು.

ಹೋದ ಹೊತ್ತನ್ನು ಹಿಡಿಯಲು ಹಲ್ಲು ಕಚ್ಚಿ ತುಳಿದೆ. ತಿ. ನರಸೀಪುರದಲ್ಲಿ ರಸ್ತೆಯ ನಟ್ಟನಡುವೆ ನೀರಿನ ಚೊಂಬು ಹಿಡಿದು ಜಯಮ್ಮನ ಅಕ್ಕ ಸಣ್ಣಮ್ಮ ನಿಂತಿದ್ದರು. ಅವರ ಮನೆ ರಸ್ತೆಯ ಮೇಲೇ ಇದೆ.

"ಕಾಲ್ ತೊಳ್ಕಳಿ, ಎಲೆ ಆಕಿವ್ನಿ."

"ಅಕ್ಕಾ, ರೇಸು. ಬರೋವಾಗ ಬತ್ತೀನಿ."

"ಮನೆ ಮುಂದ್ಕೆ ಬಂದು ಒಂದ್ ತುತ್ತು ತಿನ್ದೆ ಓದ್ರೆ ಬೀದಿಯೋರು ಏನಂದಾರು? ಜಯಮ್ಮ ನೆನ್ನೇನೆ ಏಳಿ ಕಳ್ಸವ್ಳೆ. ಅಸ್ಕಂಡು ಬತ್ತಾರೆ, ಚೆಂದಾಗಿ ಉಣ್ಸಿ ಕಳ್ಸು ಅಂತ."

ಜಯಮ್ಮ ಬೇಗ ಒಪ್ಪಿದ್ದರ ಮರ್ಮ ಆಗ ತಿಳಿಯಿತು. ಆದರೆ ನಾಟಿಕೋಳಿ ಸಾರಿನ ವಾಸನೆ ಮೂಗಿಗೆ ಬಡಿದ ಮೇಲೆ ಮರ್ಮ ತಿಳಿದು ಏನು ಪ್ರಯೋಜನ? ಒಂದು ಮುದ್ದೆ ಎಂದು ಕೂತವನು ಎರಡನೆಯದಕ್ಕೂ ಬೇಡ ಎನ್ನಲಿಲ್ಲ. ಅತಿದೂರದ ಸ್ಪರ್ಧೆಯಿಂದ ನಾನು ಕಲಿತ ದೊಡ್ಡ ಪಾಠ ಇದು: ನೆಂಟರಿಲ್ಲದ ದಾರಿ ನೋಡಿಕೊಂಡು ರೇಸಿಗೆ ಸೇರಬೇಕು. ಸೋಮನಾಥಪುರದವರೆಗೆ ಸೈಕಲ್ ತುಳಿದದ್ದು ನಾನಲ್ಲ, ಆ ಕೋಳಿ.

ಹಿಂತಿರುಗುವಾಗ ಹೊತ್ತು ಇಳಿಯತೊಡಗಿತ್ತು. ಮನಸ್ಸಿನಲ್ಲಿ ಸೈಕಲ್ಲನ್ನು ಆಗಲೇ ಭಾವಮೈದನ ಕೊಟ್ಟಿಗೆಯಲ್ಲಿ ಕಟ್ಟಿಬಿಟ್ಟಿದ್ದೆ, ಸಂಕಟವಾಗುತ್ತಿತ್ತು. ಬಿಳಿಗೆರೆ ಹತ್ತಿರ ಬಂದಾಗ ನೋಡುತ್ತೇನೆ, ಬೆಳಿಗ್ಗೆ ಖಾಲಿಯಿದ್ದ ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದಾರೆ. ಲಾರಿ ಬಸ್ಸು ಹರಿದು ಕಾಳು ಉದುರಲಿ ಎಂದು ನಮ್ಮ ಕಡೆ ಒಕ್ಕಣೆ ಮಾಡುವುದೇ ಹೀಗೆ. ಅಲ್ಲಿ ಮೈಸೂರಿನ ಹುಡುಗರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಹುರುಳಿ ಬಳ್ಳಿ ಗೇರಿಗೆ ಸುತ್ತಿಕೊಂಡು ಒಂದು ಚಕ್ರವೂ ತಿರುಗದು. ನನ್ನ ಸೈಕಲ್ಲಿಗೆ ಗೇರೂ ಇಲ್ಲ, ಗೀರೂ ಇಲ್ಲ. ಚೈನಿಗೆ ಅಡಿಯಿಂದ ಮುಡಿಯವರೆಗೆ ತಗಡಿನ ಕವರು! ಚೀಫ್ ಗೆಸ್ಟಾ ಎಂದು ಕೇಳಿದವನಿಗೆ ಬೆಲ್ ಹೊಡೆದು ಮುಂದೆ ಸಾಗಿದೆ. ಆ ಕ್ಷಣದ ಸುಖ ನನಗೆ ಬಡ್ತಿ ಬಂದಾಗಲೂ ಸಿಕ್ಕಿಲ್ಲ.

ಸುಖದ ಭರದಲ್ಲಿ ಗುಂಡಿ ಕಾಣಲಿಲ್ಲ. ಧಡ್ ಎಂದಿತು. ಸೀಟು ಮುರಿದು ಹುರುಳಿಯೊಳಗೆ ಬಿತ್ತು, ಕೆಳಗಿನ ಕೊಳವೆ ಮಾತ್ರ ನಿಂತಿತ್ತು. ಹುರುಳಿಯ ಯಜಮಾನ ಓಡಿ ಬಂದ. ಬೇರೆ ಯಾರೂ ಅಲ್ಲ, ಸಿದ್ದೇಗೌಡ. ಗೋಣಿಚೀಲ ಮಡಚಿ ಕೊಳವೆಯ ಮೇಲಿಟ್ಟು ಹಗ್ಗದಿಂದ ಬಿಗಿದು, ಆಳುಗಳತ್ತ ಕೂಗಿದ.

"ಉಳ್ಳಿ ಪಕ್ಕಕ್ ತಳ್ರಲಾ, ಸಾಯೇಬ್ರು ಓಗ್ಲಿ. ಇವ್ರು ಇವತ್ತು ಸೋತ್ರೆ ನಾಳೆ ಬೇಜಾರ್ ಮಾಡ್ಕಂಡು ರಜಾ ಆಕ್ತಾರೆ. ನಮ್ ಮಹಜರು ಆಗಕಿಲ್ಲ ಕಣ್ರಲಾ."

ಕವೆಗೋಲು ಹಿಡಿದ ಹೆಂಗಸರು ಗಂಡಸರೆಲ್ಲ ಸೇರಿ ಹುರುಳಿ ಸರಿಸಿ ದಾರಿ ಮಾಡಿಕೊಟ್ಟರು. ಮಂತ್ರಿಗಳಿಗೂ ಅಂಥ ದಾರಿ ಸಿಕ್ಕಿರಲಾರದು. ಅಲ್ಲಿಂದ ನಂಜನಗೂಡಿನವರೆಗೆ ಆ ಗೋಣಿಯ ಮೇಲೆ ನಾನು ಪಟ್ಟ ಪಾಡನ್ನು ಮರ್ಯಾದಸ್ಥರ ಮುಂದೆ ಬರೆಯುವಂತಿಲ್ಲ. ಪೆಡಲಿನ ಒಂದೊಂದು ಸುತ್ತಿಗೂ ಒಬ್ಬೊಬ್ಬ ದೇವರ ಹೆಸರು ಹೇಳಿದೆ. ದೇವರು ಮುಗಿದ ಮೇಲೆ ತಹಶೀಲ್ದಾರರ ಹೆಸರನ್ನೂ ಹೇಳಿದೆ.

ತೆಂಗಿನ ಮರಗಳ ನೆತ್ತಿಯ ಮೇಲೆ ಇನ್ನೂ ಬಿಸಿಲಿರುವಾಗಲೇ ಗೆರೆ ದಾಟಿದೆ. ಹೊತ್ತಿಗೆ ಸರಿಯಾಗಿ ಮುಗಿಸಿದವರಲ್ಲಿ ಕೊನೆಯವನು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯವನು. ಸೈಕಲ್ ಉಳಿಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಹಿರಿಯ ಸ್ಪರ್ಧಿಗೆ ಅಲ್ಲೇ ಸನ್ಮಾನ. ಶಾಲು ಹೊದಿಸಿ, ಹಾರ ಹಾಕಿ, ಪೇಟ ತೊಡಿಸಿ, ಕೂರಲು ಸಿಂಹಾಸನದಂಥ ಕುರ್ಚಿ ತೋರಿಸಿದರು. ನಾನು ಕೈ ಮುಗಿದು ನಿಂತೇ ಇದ್ದೆ. ಸಂಘದ ಅಧ್ಯಕ್ಷರು ಗದ್ಗದಿತರಾದರು: "ನೋಡಿ, ಇಷ್ಟು ದೊಡ್ಡ ಸಾಧನೆ ಮಾಡಿದವರು ಸಭೆಯ ಮುಂದೆ ಕೂರಲು ಒಪ್ಪುತ್ತಿಲ್ಲ. ಎಂಥ ವಿನಯ!" ನಾಲ್ಕು ಭಾಷಣ ಮುಗಿಯುವವರೆಗೂ ನನ್ನ ವಿನಯ ಕದಲಲಿಲ್ಲ. ಮುಂದಿನ ಸಾಲಿನಲ್ಲಿ ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಸೈಕಲ್ ನಿಮ್ದೇಯ, ಒಪ್ಕಂಡೆ," ಎಂದಳು ಹೊರಗೆ ಬಂದು. "ಹತ್ತಿ, ಹಿಂದ್ಗಡೆ ಕೂತ್ಕತೀನಿ. ಮನೆಗೆ ಹೋಗಣ."

"ನಡ್ಕೊಂಡೇ ಹೋಗಣ ಕಣೇ. ಗಾಳಿ ತಂಪಾಗಿದೆ."

ತಲೆಯ ಮೇಲೆ ಪೇಟ, ಕೊರಳಲ್ಲಿ ಹಾರ, ಕೈಯಲ್ಲಿ ತಳ್ಳುವ ಸೈಕಲ್. ಬೀದಿ ತಿರುವಿನ ಸೈಕಲ್ ಶಾಪಿನವನು ಎದ್ದು ಬಂದ.

"ಗೆದ್ರಂತೆ ಸಾ. ಮತ್ಯಾಕ್ ತಳ್ಕಂಡ್ ಓಯ್ತಿದೀರಿ?"

"ಪಂಚರ್ ಕಣಪ್ಪ," ಎಂದೆ.

ಅವನು ಬಗ್ಗಿ ಹಿಂದಿನ ಟೈರ್ ಒತ್ತಿ ನೋಡಿದ. ಕಲ್ಲಿನಂತಿತ್ತು. ಮುಂದಿನದನ್ನೂ ಒತ್ತಿದ. ಅವನು ತಲೆಯೆತ್ತುವ ಮುನ್ನ ಅಲ್ಲಿಂದ ಗಂಭೀರವಾಗಿ ಹೊರಟುಬಿಡೋಣವೆಂದು ನಾನು ಪೇಟ ಸರಿಮಾಡಿಕೊಂಡು ಹೆಜ್ಜೆ ಹಾಕಿದೆ. ಎಷ್ಟು ಪ್ರಯತ್ನಪಟ್ಟರೂ ಕಾಲುಗಳು ಒಂದರ ಹತ್ತಿರ ಇನ್ನೊಂದು ಬರಲೊಪ್ಪಲಿಲ್ಲ.