ಇದರ ತಾಯಿ ಯಾರು?

ನನ್ನ ನಾದಿನಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ, ಭತ್ತಗಳ ತಾಯಂದಿರು ಮಾತ್ರ ನೆನಪಿರುತ್ತಾರೆ. ನನ್ನ ಗಂಡನ ಈ ತಂಗಿ ಇಲ್ಲೇ ನ್ಯೂಜೆರ್ಸಿಯ ಒಂದು ಲ್ಯಾಬಿನಲ್ಲಿ ಭತ್ತದ ಮತ್ತು ಅದರ ಕಾಡು ನೆಂಟರ ಮೈಟೊಕಾಂಡ್ರಿಯದ ಡಿಎನ್‌ಎ ಓದುತ್ತಾಳೆ. ಮೈಟೊಕಾಂಡ್ರಿಯ ಎಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗವಂತೆ. ಅದು ತಾಯಿಯಿಂದ ಮಾತ್ರ ಬರುತ್ತದಂತೆ. ಭತ್ತದಲ್ಲೂ ಹಾಗೆ, ನಮ್ಮಲ್ಲೂ ಹಾಗೆ. ಇದನ್ನು ಕೇಳಿ ನನ್ನ ಗಂಡ ಎರಡು ದಿನ ಸಪ್ಪಗಿದ್ದರು.

ಒಮ್ಮೆ ನಾದಿನಿಯನ್ನು ಇಲ್ಲಿನ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಪುಳಿಯೋಗರೆ ಬಡಿಸುತ್ತಿದ್ದ ಹಿರಿಯರೊಬ್ಬರನ್ನು ಇವಳು ಅನ್ನ ತೋರಿಸಿ, "ಇದರ ತಾಯಿ ಯಾರು ಆಂಟಿ?" ಎಂದು ಕೇಳಿಬಿಟ್ಟಳು. ಪಾಪ, ಅವರು ಒಂದು ಕ್ಷಣ ಯೋಚಿಸಿ, "ಗೊಜ್ಜು ನಮ್ಮ ಓರಗಿತ್ತಿ ಮಾಡಿದ್ದಮ್ಮ" ಎಂದರು. ಹಿಂದೆ ಕ್ಯೂ ಬೆಳೆಯಿತು. ನಾನು ಮುಖ ಎಲ್ಲಿಟ್ಟುಕೊಳ್ಳಲಿ?

ಕಾಡುಭತ್ತಕ್ಕೂ ನಮ್ಮ ಭತ್ತಕ್ಕೂ ಏನಮ್ಮ ವ್ಯತ್ಯಾಸ ಎಂದು ಕೇಳಿದ್ದು ನನ್ನದೇ ತಪ್ಪು. ಕೆಂಡಲ್ ಪಾರ್ಕ್ ಎಂಬ ಊರಿನ ನಮ್ಮ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿ ಇಟ್ಟಳು. "ನೋಡಿ ಅತ್ತಿಗೆ, ಡಬ್ಬಿಗಳೇ ಜೀನ್‌ಗಳು ಅನ್ಕೊಳ್ಳಿ. ಎರಡರಲ್ಲೂ ಹೆಚ್ಚುಕಮ್ಮಿ ಅವೇ, ಜೋಡಿಸಿರೋ ಆರ್ಡರ್ ಮಾತ್ರ ಬೇರೆ. ಎವಲ್ಯೂಶನ್ನಲ್ಲಿ ಇದೇ ಜಾಸ್ತಿ ಆಗಿದ್ದು." ನನಗೆ ವಿಕಾಸ ಅರ್ಥವಾಗಲಿಲ್ಲ. ಅಂದಿನ ಕಾಫಿಗೆ ಮಾತ್ರ ಉಪ್ಪು ಬಿತ್ತು.

ಹೋದ ತಿಂಗಳು ಊಟಕ್ಕೆ ಕೂತಾಗ ಮತ್ತೆ ತಾಯಿಯಿಂದ ಬರುವ ಮೈಟೊಕಾಂಡ್ರಿಯದ ವಿಷಯ ಬಂತು. ಅರ್ಥವಾದವಳಂತೆ ನಾನು ತಲೆದೂಗುತ್ತಿದ್ದೆ. ನಮ್ಮ ಮಗಳು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು, ಹಾಗಾದರೆ ಅಮ್ಮನದು ನನ್ನಲ್ಲಿ ಇಲ್ಲ ಅಲ್ಲವಾ ಎಂದು.

ಅವಳು ನಮ್ಮ ದತ್ತು ಮಗಳು. ಅದು ಅವಳಿಗೆ ಮೊದಲಿನಿಂದಲೂ ಗೊತ್ತು. ಆದರೆ ಹೀಗೆ ಎಂದೂ ಕೇಳಿರಲಿಲ್ಲ. ನನ್ನ ಕೈಯ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು.

ನಾದಿನಿ ಸುಳ್ಳು ಹೇಳಲಿಲ್ಲ.

"ಇಲ್ಲ ಪುಟ್ಟಿ, ಅದು ಇಲ್ಲ," ಎಂದಳು. "ಆದ್ರೆ ಭತ್ತದ ಮೈಟೊಕಾಂಡ್ರಿಯದಲ್ಲಿ ಹೊರಗಿಂದ ಬಂದ ಡಿಎನ್‌ಎ ಚೂರುಗಳೂ ಇವೆ. ಎಲೆಗೆ ಹಸಿರು ಕೊಡುತ್ತಲ್ಲ, ಆ ಭಾಗದಿಂದ ಬಂದು ಸೇರ್ಕೊಂಡಿದ್ದು. ಯಾವತ್ತೋ ಬಂದ್ವು, ಈಗ ಅಲ್ಲಿಯವೇ. ಅವನ್ನ ತೆಗೆದ್ಬಿಟ್ರೆ ಅದು ಭತ್ತಾನೇ ಅಲ್ಲ."

ತಾವು ಹೊರಗಿನಿಂದ ಬಂದದ್ದು ಆ ಚೂರುಗಳಿಗೆ ಗೊತ್ತಾ ಎಂದು ಮಗಳು ಕೇಳಿದಳು.

"ಯಾವ್ದು ಹೊರಗಿಂದು ಅಂತ ಹುಡುಕೋಕೆ ನಂಗೇ ಕಂಪ್ಯೂಟರ್ ಬೇಕು ಕಣೆ."

ಮಗಳು ನಕ್ಕಳು. ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಒತ್ತಿಕೊಂಡು ಕೂತಳು. ತನ್ನ ತಟ್ಟೆಯಲ್ಲಿ ಹಪ್ಪಳವಿದ್ದರೂ ನನ್ನ ತಟ್ಟೆಯದನ್ನೇ ಮುರಿದುಕೊಂಡಳು.